ಕವಡೆ, ಕಥೆ ಮತ್ತು ನರಗುಂದದ ಕೋಟೆ

ಕಳೆದ ಬೇಸಿಗೆಯ ರಜೆಯಲ್ಲಿ ರೋಣದ ಅಕ್ಕನ ಮನೆಯ ಪಡಸಾಲೆಯಲ್ಲಿ ಐದು ಮಕ್ಕಳು ದುಂಡಗೆ ಕುಳಿತು ದೊಡ್ಡ ಸಂಕಟವೊಂದಕ್ಕೆ ಸಿಕ್ಕಿಬಿದ್ದಿದ್ದರು. ಕಾಲ 1858ರ ಮೇ ತಿಂಗಳು, ಸ್ಥಳ ನರಗುಂದದ ಗುಡ್ಡದ ಮೇಲಿನ ಕೋಟೆ. ದತ್ತು ಸ್ವೀಕಾರಕ್ಕೆ ಕಂಪನಿ ಸರ್ಕಾರ ಒಪ್ಪಿಗೆ ಕೊಟ್ಟಿಲ್ಲ. ಸಂಸ್ಥಾನ ಕೈತಪ್ಪುವ ಹೊತ್ತು. ಬಾಬಾಸಾಹೇಬ ಭಾವೆಯಾಗಿದ್ದ ಒಂಬತ್ತನೆಯ ತರಗತಿಯ ಹುಡುಗ ಕಾದಾಡಿಯೇ ತೀರುವುದೆಂದು ಘೋಷಿಸಿದ. ದಿವಾನರ ಪಾತ್ರ ವಹಿಸಿದ್ದ ಅವನ ತಂಗಿ ಮೆಲ್ಲನೆ ಕೇಳಿದಳು: ‘ಸಾಹೇಬರ, ಊರ ಮಂದಿ ಗತಿ ಏನ್ರಿ?’ ಮನೆಯಲ್ಲಿ ಎಂದೂ ಅಣ್ಣನಿಗೆ ‘ರಿ’ ಎನ್ನದವಳ ಮಾತು ಕೇಳಿ ಎಲ್ಲರೂ ನಕ್ಕರು. ಮರುಕ್ಷಣವೇ ಸುಮ್ಮನಾದರು. ಪ್ರಶ್ನೆಗೆ ಯಾರಲ್ಲಿಯೂ ಉತ್ತರವಿರಲಿಲ್ಲ.

ನಾವು ಆಡುತ್ತಿದ್ದುದು ಪಾತ್ರವಹಿಸುವ ಆಟ. ಒಬ್ಬ ಸೂತ್ರಧಾರ ಸನ್ನಿವೇಶವನ್ನು ವಿವರಿಸುತ್ತಾನೆ. ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುವುದೆಂದು ಹೇಳುತ್ತಾರೆ. ಫಲ ಅನಿಶ್ಚಿತವಾದಾಗ ದಾಳ ತೀರ್ಮಾನಿಸುತ್ತದೆ. ಈ ಆಟಕ್ಕೆ ಇಂದಿನ ರೂಪ ಬಂದದ್ದು 1974ರಲ್ಲಿ, ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟಿಸಿದಾಗ. ನಾನು ಅದಕ್ಕೆ ಮರುಳಾದದ್ದು ತೊಂಬತ್ತರ ದಶಕದ ಆರಂಭದಲ್ಲಿ, ಕಾಲೇಜಿನ ವಸತಿನಿಲಯದಲ್ಲಿ. ಇಪ್ಪತ್ತು ಮುಖಗಳ ದಾಳ ನಮ್ಮಲ್ಲಿರಲಿಲ್ಲ. ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಸ್ಟೀಲಿನ ಲೋಟಕ್ಕೆ ಹಾಕಿ ಎತ್ತುತ್ತಿದ್ದೆವು. ಒಂದು ರಾತ್ರಿ ನಿಲಯದ ಮೇಲ್ವಿಚಾರಕರು ಇದು ಜೂಜೆಂದು ಬಗೆದು, ಎರಡು ವರ್ಷಗಳ ಕಥೆಯಿದ್ದ ನೋಟುಬುಕ್ಕನ್ನು ಕಸಿದುಕೊಂಡರು. ಅದು ಮರಳಿ ಸಿಗಲಿಲ್ಲ. ಹುಚ್ಚು ಮಾತ್ರ ಬಿಡಲಿಲ್ಲ.

ಈ ಹುಚ್ಚು ಪರದೇಶದ್ದೆಂದು ಗೆಳೆಯರು ಇಂದಿಗೂ ಹಾಸ್ಯ ಮಾಡುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಗಜೇಂದ್ರಗಡದ ಕಡೆಯ ಸೋದರಮಾವನ ಹಳ್ಳಿಯಲ್ಲಿ ಬೆಳತನಕ ದೊಡ್ಡಾಟ ನೋಡಿ ಬೆಳೆದವನು ನಾನು. ಅಲ್ಲಿ ಹೊಸ ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಎದುರು ನಿಂತು ತಾವು ಯಾರು, ಯಾವ ಊರಿನವರು ಎಂದು ವಿಚಾರಿಸುತ್ತಾನೆ. ಹಗಲು ಎತ್ತು ಹೂಡಿದ ರೈತ ಕಿರೀಟ ಧರಿಸಿ ತನ್ನ ಕುಲ, ನೆಲೆ, ಪರಾಕ್ರಮಗಳನ್ನು ಹೇಳಿಕೊಳ್ಳುತ್ತಾನೆ. ವಸತಿನಿಲಯದಲ್ಲಿ ಮೊದಲ ಬಾರಿಗೆ ನನ್ನ ಪಾತ್ರದ ಹೆಸರು, ಬಲ, ಬುದ್ಧಿಗಳನ್ನು ಹಾಳೆಯ ಮೇಲೆ ಬರೆದಾಗ ನೆನಪಾದವನು ಆ ಸಾರಥಿಯೇ. ಕರಾವಳಿಯ ತಾಳಮದ್ದಳೆಯಂತೂ ಈ ಆಟಕ್ಕೆ ಇನ್ನೂ ಹತ್ತಿರ. ವೇಷವಿಲ್ಲ, ಕುಣಿತವಿಲ್ಲ; ಅರ್ಥಧಾರಿಗಳು ಕುಳಿತಲ್ಲಿಯೇ ಕರ್ಣನಾಗಿ, ಕೃಷ್ಣನಾಗಿ ಆಶುವಾಗಿ ವಾದಿಸುತ್ತಾರೆ.

ದಾಳವೂ ನಮಗೆ ಹೊಸದಲ್ಲ. ನಮ್ಮೂರ ಗುಡಿಯ ಕಟ್ಟೆಗಲ್ಲಿನ ಮೇಲೆ ಯಾರೋ ಕೊರೆದ ಚೌಕಾಬಾರದ ಮನೆಗಳಿದ್ದವು. ಅಜ್ಜಿ ಅಲ್ಲಿಯೇ ನನಗೆ ಕವಡೆ ಎಸೆಯಲು ಕಲಿಸಿದ್ದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಹೊಸ ಆಟಗಳನ್ನು ರಚಿಸಿದವರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ‘ಕೌತುಕನಿಧಿ’ ಎಂಬ ಭಾಗವಿದೆ. ಅರಸನೊಬ್ಬ ಗಂಭೀರವಾಗಿ ಪರಿಗಣಿಸಿದ್ದನ್ನು ನಾವು ಕೆಲಸವಿಲ್ಲದವರ ಕಾಲಹರಣವೆಂದು ತಳ್ಳಿಹಾಕಿದ್ದೇವೆ.

ದಾಳ ಕಂಡೊಡನೆ ಜೂಜು ನೆನಪಾಗುವುದು ಸಹಜ. ಧರ್ಮರಾಯನ ಕಥೆ ಕೇಳಿ ಬೆಳೆದ ನಾಡು ಇದು. ಆದರೆ ಅಲ್ಲಿ ಕೇಡು ಇದ್ದದ್ದು ಪಣದಲ್ಲಿ. ಇಂದು ಅದೇ ಪಣ ಹಳ್ಳಿ ಹುಡುಗರ ಅಂಗೈಯ ಮೊಬೈಲಿಗೆ ಬಂದಿದೆ. ಆನ್‌ಲೈನ್ ರಮ್ಮಿಯಲ್ಲಿ ಹಣ ಕಳೆದು ಮನೆಯವರಿಂದ ಮುಖ ಮರೆಸಿಕೊಂಡು ತಿರುಗುವ ತರುಣರನ್ನು ನಾನೇ ಕಂಡಿದ್ದೇನೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿತು. ಕಾನೂನು ಆ್ಯಪನ್ನು ಮುಚ್ಚಿಸಬಹುದು. ಸಂಜೆಯ ಬೇಸರವನ್ನು, ಏನೋ ಆಗಬೇಕೆಂಬ ಹರೆಯದ ಹಂಬಲವನ್ನು ಮುಚ್ಚಿಸಲಾರದು. ಬೇಡದ ಆಟವನ್ನು ಕಿತ್ತುಕೊಂಡವರು ಬೇಕಾದ ಆಟವನ್ನು ಕೈಗಿಡಬೇಡವೇ?

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ವಾರಕ್ಕೊಂದು ಸಂಜೆ, ಶಾಲೆಯಲ್ಲಿ ಶನಿವಾರದ ಒಂದು ಅವಧಿ ಸಾಕು. ಹಾಳೆ, ಪೆನ್ಸಿಲು, ನಾಲ್ಕು ಕವಡೆ, ಕಥೆ ಹೇಳಬಲ್ಲ ಒಬ್ಬ ಹಿರಿಯ. ಇಲ್ಲಿ ಗೆದ್ದವನಿಗೆ ಹಣವಿಲ್ಲ, ಸೋತವನಿಗೆ ಸಾಲವಿಲ್ಲ. ಮಕ್ಕಳು ಮತ್ತೊಬ್ಬರ ಜಾಗದಲ್ಲಿ ನಿಂತು ಯೋಚಿಸುತ್ತಾರೆ, ಎದುರಿನವರನ್ನು ಮಾತಿನಿಂದ ಒಪ್ಪಿಸಲು ಕಲಿಯುತ್ತಾರೆ. ಪರೀಕ್ಷೆಯ ಅಂಕಗಳಲ್ಲಿ ಇದು ಕಾಣಿಸದಿರಬಹುದು.

ಮತ್ತೆ ಆ ಪಡಸಾಲೆಗೆ ಬರೋಣ. ಊರ ಜನರನ್ನು ರಾತ್ರೋರಾತ್ರಿ ರೋಣದ ದಾರಿಯಲ್ಲಿ ಸಾಗಿಸುವುದೆಂದು ದಿವಾನಳು ನಿರ್ಧರಿಸಿದಳು. ನಾಲ್ಕು ಕವಡೆ ಎಸೆದಳು. ನಾಲ್ಕೂ ಕವುಚಿ ಬಿದ್ದವು: ಬಾರಾ! ಜನ ಪಾರಾದರು. ಅಣ್ಣ ಮಾತ್ರ ಕೋಟೆಯಲ್ಲಿಯೇ ಉಳಿದ.

ಆಟ ಮುಗಿದ ಮೇಲೆ ಅವನು ಕೇಳಿದ: ‘ಮಾಮಾ, ಖರೇನ ಏನಾತು?’ ಹೇಳಿದೆ. ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ಹತ್ಯೆಯಾಯಿತು. ಕೆಲವೇ ದಿನಗಳಲ್ಲಿ ಕೋಟೆ ಬಿದ್ದಿತು. ಸೆರೆಸಿಕ್ಕ ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಪಾಠಪುಸ್ತಕದಲ್ಲಿ ಇದನ್ನು ಓದಿಯೂ ಮರೆತಿದ್ದ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.

ಮರುದಿನ ನಸುಕಿನಲ್ಲಿ ನರಗುಂದಕ್ಕೆ ಹೋಗಿ ಗುಡ್ಡ ಹತ್ತಿದೆವು. ಅಣ್ಣ ಹಾಳುಗೋಡೆಗಳ ನಡುವೆ ಅಲೆಯುತ್ತಿದ್ದ. ತಂಗಿ ಅಂಚಿನಲ್ಲಿ ನಿಂತು, ಕೆಳಗೆ ಹರಡಿದ್ದ ಎರೆಹೊಲಗಳ ನಡುವೆ ರೋಣದ ದಾರಿ ಯಾವ ಕಡೆ ಹೋಗುತ್ತದೆಂದು ಹುಡುಕುತ್ತಿದ್ದಳು.