ಏಳನೆಯ ತರಗತಿಯ ಒಲವು

ಗುಂಡಗುರ್ತಿಯ ಸೀಮೆಯಲ್ಲಿ ‘ಎಲ್ಲಿಗೆ ಹೊಂಟಿ?’ ಎಂದರೆ ‘ಸಾಲಿಗೆ ಹೋಗ್ಲತ್ತೀನಿ’ ಎನ್ನುವುದು ರೂಢಿ. ಏಳನೆಯ ತರಗತಿಯ ಹುಡುಗನೊಬ್ಬ ಒಂದು ದಿನ ಇದ್ದಕ್ಕಿದ್ದಂತೆ ‘ಶಾಲೆಗೆ ಹೋಗ್ತಾ ಇದ್ದೀನಿ’ ಎಂದನೆನ್ನಿ. ಕ್ರಾಪನ್ನೂ ಬೇರೆ ಬಗೆಯಲ್ಲಿ ಬಾಚಿದ್ದಾನೆ. ಕಾರಣ ಹುಡುಕಿದರೆ, ಬೆಂಗಳೂರಿನಿಂದ ವರ್ಗವಾಗಿ ಬಂದ ನೌಕರರ ಮಗಳೊಬ್ಬಳು ಅದೇ ತರಗತಿಯಲ್ಲಿ ಸಿಕ್ಕಾಳು.

ಇದು ನಗುವ ಮಾತಲ್ಲ, ಹೆದರುವ ಮಾತೂ ಅಲ್ಲ. ಪ್ರಾಯದ ಬದಲಾವಣೆ ಹುಡುಗಿಯರಲ್ಲಿ ಸಾಮಾನ್ಯವಾಗಿ 8ರಿಂದ 13, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ಮೊದಲಾಗುತ್ತದೆ. ಆಗ ಭಾವನೆ ಬೇಗ ಚುರುಕಾಗುತ್ತದೆ. ಮುಂದಾಲೋಚನೆಗೆ ಬೇಕಾದ ಮೆದುಳಿನ ಭಾಗ ಪಕ್ವವಾಗುವುದು ಇಪ್ಪತ್ತು ದಾಟಿದ ಮೇಲೆಯೇ. ಎಲ್ಲರ ಕಣ್ಣೂ ತನ್ನ ಮೇಲೆಯೇ ಇದೆಯೆಂಬ ಈ ವಯಸ್ಸಿನ ಭ್ರಮೆಯನ್ನು ಡೇವಿಡ್ ಎಲ್ಕಿಂಡ್ ಎಂಬ ಮನೋವಿಜ್ಞಾನಿ 1967ರಲ್ಲಿ ‘ಕಲ್ಪಿತ ಪ್ರೇಕ್ಷಕವೃಂದ’ ಎಂದು ಕರೆದರು.

ಒಲವು ನಾಲ್ಕು ತಿಂಗಳಲ್ಲಿ ಮಾಸಬಹುದು. ಆದರೆ ಅವ್ವನ ಮಾತು ಕೀಳೆಂಬ ನಾಚಿಕೆ ಅಷ್ಟು ಬೇಗ ಹೋಗದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ ಸಾಲಿಯಲ್ಲಿ ಉರ್ದು ಕಲಿತೂ ಮನೆಯಲ್ಲಿ ತಮ್ಮ ನುಡಿ ಬಿಡದವರ ಸೀಮೆಯಲ್ಲವೇ ಇದು! ಪುಸ್ತಕದ ಕನ್ನಡವೂ ಬರಲಿ, ಬೇಡವೆನ್ನುವವರಾರು? ಹುಡುಗನನ್ನು ಅಣಕಿಸಬೇಡಿ, ಹುಡುಗಿಯ ಹೆಸರನ್ನಂತೂ ಕೆದಕಲೇಬೇಡಿ. ‘ನಿನ್ನ ಮಾತು ಚೆಂದ ಅದ, ತಮ್ಮಾ’ ಎಂದು ಅಕ್ಕನೋ ಕಾಕಾನೋ ಒಮ್ಮೆ ಅಂದರೆ ಸಾಕು. ಮರುದಿನ ಆಕೆಯ ಮುಂದೆ ‘ನಿಂದು ಗಣಿತದ ಪುಸ್ತಕ ಕೊಡ್ತೀ ಏನು?’ ಎಂದು ಸಲೀಸಾಗಿ ಕೇಳಿಯಾನು.