ಮೂವತ್ತರಲ್ಲಿ ಕೆಟ್ಟದ್ದು ಯಾವುದು?

2016ರ ಅಕ್ಟೋಬರ್ 19. ಯುರೋಪಿನ ಸ್ಕಿಯಾಪರೆಲ್ಲಿ ನೌಕೆ ಮಂಗಳನ ನೆಲಕ್ಕೆ ಇಳಿಯುತ್ತಿತ್ತು. ಅದರ ಕ್ಷೀಣ ರೇಡಿಯೊ ಸಂಕೇತಕ್ಕೆ ಪುಣೆ ಜಿಲ್ಲೆಯ ಖೋಡದ್ ಹಳ್ಳಿಯ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕ ಕಿವಿಗೊಟ್ಟಿತ್ತು. ನೆಲ ಮುಟ್ಟುವ ತುಸು ಮೊದಲು ಸಂಕೇತ ನಿಂತುಹೋಯಿತು. ಸುಮ್ಮನಾದದ್ದು ಅಲ್ಲಿನ ನೌಕೆಯೋ, ಇಲ್ಲಿನ ಕೇಬಲ್ಲೋ? ಅದನ್ನು ಹೇಳಬೇಕಾದರೆ ಆಂಟೆನಾದಿಂದ ಕಂಪ್ಯೂಟರ್‌ವರೆಗಿನ ಹಾದಿ ಅಂಗುಲ ಅಂಗುಲವೂ ಗೊತ್ತಿರಬೇಕು. (ಆಮೇಲೆ ತಿಳಿದಂತೆ, ನೌಕೆಯೇ ಅಪ್ಪಳಿಸಿತ್ತು.)

ರೇಡಿಯೊ ಖಗೋಳವಿಜ್ಞಾನಿ ಗೋವಿಂದ್ ಸ್ವರೂಪ್ ಅವರ ಮುಂದಾಳತ್ವದಲ್ಲಿ ಕಟ್ಟಿದ ಜಿಎಂಆರ್‌ಟಿಯಲ್ಲಿ 45 ಮೀಟರ್ ಅಗಲದ 30 ಆಂಟೆನಾಗಳಿವೆ. 14 ನಡುವೆ ಒತ್ತಾಗಿ, ಉಳಿದ 16 ಮೂರು ತೋಳುಗಳ ಉದ್ದಕ್ಕೆ. ಅತಿ ದೂರದ ಎರಡರ ನಡುವೆ ಸುಮಾರು 25 ಕಿಲೋಮೀಟರ್. ಆಂಟೆನಾದ ರಿಸೀವರ್ ಸಂಕೇತವನ್ನು ವರ್ಧಿಸುತ್ತದೆ. 1000ದಿಂದ 1450 ಮೆಗಾಹರ್ಟ್ಸ್‌ ಪಟ್ಟಿಯ ಮೂಲ ರಿಸೀವರ್‌ಗಳನ್ನು ಕಟ್ಟಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ರಿಸೀವರ್‌ನಿಂದಾಚೆ ಸಂಕೇತದ ಹಾದಿ ಆಪ್ಟಿಕಲ್ ಫೈಬರ್. ಅದರೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. 20 ಕಿಲೋಮೀಟರ್ ದಾಟಲು 100 ಮೈಕ್ರೋಸೆಕೆಂಡ್ ಬೇಕು. ಹತ್ತಿರದ ಆಂಟೆನಾದ ಸಂಕೇತವನ್ನು ಅಷ್ಟು ಹೊತ್ತು ತಡೆದು, ಎರಡನ್ನೂ ಒಟ್ಟಿಗೆ ಹೋಲಿಸಬೇಕು.

ತಪ್ಪು ಹಿಡಿಯುವ ಬಗೆ ಸ್ವಾರಸ್ಯವಾಗಿದೆ. 30 ಆಂಟೆನಾಗಳನ್ನು ಎರಡೆರಡಾಗಿ ಹೋಲಿಸಿದರೆ 435 ಜೋಡಿ. ಒಂದು ಆಂಟೆನಾ ಕೆಟ್ಟರೆ ಅದು ಸೇರಿರುವ 29 ಜೋಡಿಗಳೂ ಹದಗೆಡುತ್ತವೆ, ಬೇರಾವುವೂ ಅಲ್ಲ. ಕಳ್ಳ ತಾನಾಗಿಯೇ ಸಿಕ್ಕಿಬೀಳುತ್ತಾನೆ! ಮುಂದಿನ ಪ್ರಶ್ನೆ, ಆ ಆಂಟೆನಾದ ಹಾದಿಯಲ್ಲಿ ಕೆಟ್ಟದ್ದು ಎಲ್ಲಿ? ರಿಸೀವರ್‌ನ ಬಾಯಿಗೇ ಗೊತ್ತಿರುವಷ್ಟು ರೇಡಿಯೊ ಗದ್ದಲವನ್ನು ಹಾಯಿಸಿ, ಒಂದೊಂದು ಹಂತದಲ್ಲೂ ಶಕ್ತಿ ಏರಿತೇ ಎಂದು ಅಳೆಯುತ್ತಾರೆ. ಏರಿಕೆ ಕಾಣದಾದ ಹಂತದಲ್ಲೇ ದೋಷ.

ಎಲ್ಲ ತಪ್ಪಿನಲ್ಲೂ ಸಂಕೇತ ಹೀಗೆ ಸಾಯುವುದಿಲ್ಲ. ಪ್ರತಿ ಆಂಟೆನಾದಿಂದ ಬರುವ ಎರಡು ಧ್ರುವೀಕರಣಗಳ (ಅಲೆ ಕಂಪಿಸುವ ಎರಡು ಬಗೆಗಳ) ಕೇಬಲ್‌ಗಳು ಅದಲುಬದಲಾದರೆ ಶಕ್ತಿಯೇನೋ ಸರಿಯಾಗಿಯೇ ಇರುತ್ತದೆ. ಆದರೆ ಬೇರೆ ಆಂಟೆನಾಗಳ ಜೊತೆ ಹೋಲಿಸಿದಾಗ ಒಂದೇ ಬಗೆಯ ಧ್ರುವೀಕರಣಗಳ ನಡುವಿನ ನೇರ ಹೊಂದಾಣಿಕೆ ಸೊರಗಿ, ಬೇರೆ ಬೇರೆ ಬಗೆಯವುಗಳ ನಡುವಿನ ಅಡ್ಡ ಹೊಂದಾಣಿಕೆ ಕೊಬ್ಬುತ್ತದೆ.

1958ರಲ್ಲಿ ಬ್ರಿಟನ್ನಿನ ರೋಜರ್ ಜೆನ್ನಿಸನ್ ತಪ್ಪನ್ನು ಹುಡುಕದೆಯೇ ದಾಟುವ ಇನ್ನೊಂದು ಉಪಾಯ ತೋರಿಸಿದ್ದರು: ಮೂರು ಆಂಟೆನಾಗಳ ತ್ರಿಕೋನದಲ್ಲಿ ಮೂರೂ ಜೋಡಿಗಳ ಅಲೆಗಳ ಫೇಸ್ ವ್ಯತ್ಯಾಸ ಕೂಡಿಸಿದರೆ ಪ್ರತಿ ಆಂಟೆನಾದ ಫೇಸ್ ತಪ್ಪೂ ರದ್ದಾಗುತ್ತದೆ. ಆದರೆ ಆಕಾಶಕಾಯದ ನಿಖರ ಸ್ಥಾನವೂ ಆ ಲೆಕ್ಕದಲ್ಲಿ ಕಳೆದುಹೋಗುತ್ತದೆ. ಹಾಗಾಗಿ ವೀಕ್ಷಕರು ನಡುನಡುವೆ ಆಂಟೆನಾಗಳನ್ನು 3ಸಿ 286ರಂಥ, ಮೊದಲೇ ಚೆನ್ನಾಗಿ ಗೊತ್ತಿರುವ ಕ್ವೇಸಾರ್‌ನತ್ತ ತಿರುಗಿಸಿ ಲೆಕ್ಕ ಸರಿಪಡಿಸಿಕೊಳ್ಳುತ್ತಾರೆ.