ಮಂಗಳೂರಿನ ಯೆಹೂದಿ ಬಾಲೆ

ಯೆಹೂದ್ಯರೆಂದೊಡನೆ ನಮ್ಮ ಶಾಲೆಯ ಹುಡುಗಿಯರಿಗೆ ಸತ್ಯವೇದದ ರೂತಳೂ ಎಸ್ತೇರಳೂ ನೆನಪಾಗುವರು. ಎರಡನೆಯ ಮಹಾಯುದ್ಧದ ಚರಿತ್ರೆಯನ್ನು ಓದಿದವರಿಗೆ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಅಡಗಿ ಕುಳಿತು ದಿನಚರಿ ಬರೆದ ಆನ್ ಫ್ರಾಂಕ್ ನೆನಪಾಗುವಳು. ಇವರೆಲ್ಲರೂ ದೂರದೇಶದವರು. ಆದರೆ ಎಂಟುನೂರು ವರುಷಗಳಿಗೂ ಹಿಂದೆ ನಮ್ಮ ಕರಾವಳಿಯಲ್ಲಿಯೇ ಹುಟ್ಟಿ, ಯುದ್ಧದ ದಿನಗಳಲ್ಲಿ ಪರವೂರಿನ ಮನೆಯೊಂದರಲ್ಲಿ ತಾಯಿಯಿಲ್ಲದೆ ಬೆಳೆದ ಯೆಹೂದಿ ಬಾಲೆಯೊಬ್ಬಳು ಇದ್ದಳೆಂಬುದು ಪೋಷಕರಲ್ಲಿ ಅನೇಕರಿಗೆ ಹೊಸ ಸಂಗತಿಯಾಗಿರಬಹುದು. ಅವಳ ಹೆಸರು ಸಿತ್ತ್ ಅಲ್-ದಾರ್. ಅರಬ್ಬೀ ಭಾಷೆಯಲ್ಲಿ ಮನೆಯೊಡತಿ ಎಂದರ್ಥ.

ಮರವಂತೆಯಲ್ಲಿ ಒಂದು ಮಗ್ಗುಲಿಗೆ ಸೌಪರ್ಣಿಕೆ, ಮತ್ತೊಂದು ಮಗ್ಗುಲಿಗೆ ಕಡಲು, ನಡುವೆ ಸಾಗುವ ದಾರಿ. ಇದನ್ನು ಕಾಣದ ಹಳೆಯ ವಿದ್ಯಾರ್ಥಿನಿ ವಿರಳ. ಅಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಎದುರಿಗಿರುವುದು ಅರಬ್ಬೀ ಸಮುದ್ರ. ಅದರಾಚೆಯ ದಡದಲ್ಲಿ ಏಡನ್ ರೇವು. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನು ಈ ಕರಾವಳಿಯ ಬಸರೂರು, ಬಾರಕೂರು, ಮಂಗಳೂರುಗಳನ್ನು ಒಂದರ ಹಿಂದೊಂದರಂತೆ ಹೆಸರಿಸಿದ್ದಾನೆ. ಅವನಿಗೂ ಇನ್ನೂರು ವರುಷ ಮೊದಲೇ ಮುಂಗಾರಿನ ಗಾಳಿಯ ಲೆಕ್ಕ ಬಲ್ಲ ಹಡಗುಗಳು ನಮ್ಮ ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳನ್ನು ಏಡನ್ನಿಗೆ ಒಯ್ಯುತ್ತಿದ್ದುವು.

ಅಂತಹ ಹಡಗೊಂದರಲ್ಲಿ ಬಂದವನು ಅಬ್ರಹಾಮ್ ಬೆನ್ ಯಿಜು. ಇವನ ಊರು ಉತ್ತರ ಆಫ್ರಿಕದ ಮಹದಿಯಾ. ಸುಮಾರು 1132ರಿಂದ 1149ರವರೆಗೆ ಹೆಚ್ಚಾಗಿ ಮಂಗಳೂರಿನಲ್ಲಿಯೇ ನೆಲಸಿ, ವ್ಯಾಪಾರದೊಡನೆ ಕಂಚಿನ ಪಾತ್ರೆಗಳ ಕಾರ್ಖಾನೆಯೊಂದನ್ನೂ ನಡೆಸಿದನು. 1132ನೆಯ ಅಕ್ಟೋಬರ್ 17ರಂದು ಅವನು ಆಶು ಎಂಬ ಈ ನಾಡಿನ ದಾಸಿಯನ್ನು ಬಿಡುಗಡೆ ಮಾಡಿ, ಆಕೆಗೆ ಬೆರಾಖಾ, ಅಂದರೆ ಆಶೀರ್ವಾದ, ಎಂಬ ಹೆಸರನ್ನು ಕೊಟ್ಟು ಪತ್ರ ಬರೆಯಿಸಿದನು. ಸಿತ್ತ್ ಅಲ್-ದಾರಳ ತಾಯಿ ಈ ಆಶುವೇ ಎಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಅಬ್ರಹಾಮನೆಂಬ ಯಜಮಾನ, ಅನ್ಯದೇಶದ ದಾಸಿ, ಅವರ ಕೂಸು: ಆದಿಕಾಂಡವನ್ನು ಬಲ್ಲವರಿಗೆ ಹಾಗರಳ ಕಥೆಯನ್ನು ಜ್ಞಾಪಿಸಬೇಕಾದ್ದಿಲ್ಲ.

ಹುಡುಗಿಯ ತಂದೆಯ ಸ್ನೇಹವಲಯವು ಬಲು ವಿಚಿತ್ರವಾದುದು. ಆತನ ಲೆಕ್ಕಪತ್ರಗಳಲ್ಲಿ ಆಶುವಿನ ಅಣ್ಣನೋ ತಮ್ಮನೋ ಆದ ನಾಯರ್ ಎಂಬವನ ಉಲ್ಲೇಖವಿದೆ. ಏಡನ್ನಿನಲ್ಲಿ ಯೆಹೂದಿ ವರ್ತಕರ ಮುಖ್ಯಸ್ಥನಾಗಿದ್ದ ಮದ್ಮೂನ್ ಎಂಬಾತನು ಒಂದು ಪತ್ರದಲ್ಲಿ, ಮಂಗಳೂರಿನ ಮೂವರು ವರ್ತಕರು ಕೂಡಿ ಏಡನ್ನಿಗೆ ಹಡಗು ಕಳುಹಿಸುವಂತೆ ಅವರ ಮನವೊಲಿಸಬೇಕೆಂದು ಬೆನ್ ಯಿಜುವನ್ನು ಕೇಳಿಕೊಂಡಿದ್ದಾನೆ. ಅವರಲ್ಲೊಬ್ಬನ ಹೆಸರು ಸೂಸ್ ಸೀತಿ. ಪರದೇಶಿಯ ಲೇಖನಿಯಲ್ಲಿ ಡೊಂಕಾದ ಈ ಹೆಸರಿನ ಕೊನೆಯಲ್ಲಿ ನಮ್ಮ ಸೆಟ್ಟಿಯೊಬ್ಬನು ಕುಳಿತಿರುವಂತೆ ನನಗೆ ತೋರುತ್ತದೆ. ಎಲ್ಲರಿಗಿಂತ ಹೆಚ್ಚಿನವನು ಬೊಮ್ಮ. ಆತನು ಬೆನ್ ಯಿಜುವಿನ ದಾಸ. ಆದರೂ ಯಜಮಾನನ ಪ್ರತಿನಿಧಿಯಾಗಿ ಸರಕು ಹಣಗಳೊಡನೆ ಏಡನ್ನಿಗೆ ಹೋಗಿಬರುತ್ತಿದ್ದನು. 1148ರಲ್ಲಿ ಬುಂದಾರ್ ಮನೆತನದ ಖಲಫ್ ಬೆನ್ ಇಸಾಕನು ಸಕ್ಕರೆ, ಬಾದಾಮಿ, ಒಣದ್ರಾಕ್ಷಿಯ ಜಾಡಿಗಳನ್ನು ಮಂಗಳೂರಿಗೆ ಕಳುಹಿಸಿ ಬರೆದ ಕಾಗದದಲ್ಲಿ ಬೊಮ್ಮನಿಗೂ ಹೆಸರು ಹಿಡಿದು ವಂದನೆ ಹೇಳಿದ್ದಾನೆ. ಬೇರೆಯವರ ಆಳಿಗೆ ಕಾಗದದಲ್ಲಿ ವಂದನೆ ಬರೆಯುವವರು ನಮ್ಮ ನಡುವೆ ಎಷ್ಟು ಮಂದಿ?

ಅದೇ ವರುಷ ಸಿಸಿಲಿಯ ಅರಸನಾದ ಎರಡನೆಯ ರೋಜರನ ಸೈನ್ಯವು ಮಹದಿಯಾವನ್ನು ಹಿಡಿಯಿತು. ಎರಡನೆಯ ಕ್ರೂಸೇಡ್ ಯುದ್ಧವೂ ಆಗಲೇ ನಡೆದಿತ್ತು. ಬೆನ್ ಯಿಜುವಿನ ಬಂಧುಗಳು ಊರು ಬಿಟ್ಟು ಚದುರಿದರು. ಸೋದರನಾದ ಯೋಸೇಫನು ಸಿಸಿಲಿಯನ್ನು ಸೇರಿದನು. 1149ರಲ್ಲಿ ಮಕ್ಕಳೊಡನೆ ಏಡನ್ನಿಗೆ ಬಂದಿಳಿದ ತಂದೆಯು, ಬಂದ ವರ್ತಮಾನವನ್ನು ಕೇಳಿ ಕಳವಳಗೊಂಡು, ತನ್ನಲ್ಲಿರುವುದು ಎಲ್ಲರಿಗೂ ಸಾಕಾಗುವಷ್ಟಿದೆ, ಬನ್ನಿರೆಂದು ಒಡಹುಟ್ಟಿದವರಿಗೆ ಬರೆದನು. ಆ ಪತ್ರಗಳಲ್ಲಿ ಆಶುವಿನ ಹೆಸರೇ ಇಲ್ಲ. ಕೆಲಕಾಲದಲ್ಲಿ ಮಗನು ತೀರಿಕೊಂಡನು, ಉಳಿದವಳು ಮಗಳೊಬ್ಬಳೇ.

ತಂದೆಯು ಯಮನ್ ದೇಶದ ಬೆಟ್ಟದ ಸೀಮೆಗೆ ವ್ಯಾಪಾರಕ್ಕಾಗಿ ತೆರಳಿದನು. ಬಾಲೆಯು ಏಡನ್ನಿನಲ್ಲಿ ಬುಂದಾರ್ ಮನೆತನದವರ ಮನೆಯಲ್ಲಿ ಮೂರು ವರುಷ ಇದ್ದಳು. ಮಳೆಯ ಊರಿನಿಂದ ಕರಿಕಲ್ಲಿನ ಒಣಬೆಟ್ಟಗಳ ಊರಿಗೆ ಬಂದವಳು. ಅವಳ ತಾಯಿಯ ನುಡಿಯನ್ನು ಬಲ್ಲವರು ಅಲ್ಲಿ ಎಷ್ಟು ಜನ ಸಿಕ್ಕಿದ್ದಾರು? ಇದರ ಮೇಲೆ ಜನಾಪವಾದ ಬೇರೆ. ದಾಸಿಯಲ್ಲಿ ಹುಟ್ಟಿದ ಮಕ್ಕಳು ಯೆಹೂದಿ ಸಮಾಜಕ್ಕೆ ಸೇರಿದವರೇ, ಅವರ ಜನನವು ಧರ್ಮಸಮ್ಮತವೇ, ಎಂಬ ವಿಷಯದ ಪ್ರಶ್ನೋತ್ತರಗಳು ಬೆನ್ ಯಿಜುವಿನ ಸ್ವಂತ ಹಸ್ತಾಕ್ಷರದಲ್ಲಿಯೇ ದೊರಕಿವೆ. ತಂದೆಯೊಬ್ಬನು ರಾತ್ರಿ ದೀಪದ ಮುಂದೆ ಕುಳಿತು ಅಂತಹ ವಾದವನ್ನು ನಕಲು ಮಾಡಬೇಕಾದರೆ ಹೊರಗೆ ಎಂತಹ ಮಾತು ನಡೆದಿರಬೇಕೆಂದು ಊಹಿಸಬಹುದು.

ಹೀಗಿದ್ದರೂ ಆ ಮನೆಯವರು ಅವಳನ್ನು ಸಾಕಿದರು. ಸಾಕಿದುದು ಮಾತ್ರವಲ್ಲ, ಆ ಮನೆತನದ ಖಲಫನು ತನ್ನ ಮಗನಿಗಾಗಿ ಅವಳನ್ನು ಕೇಳಿದನು. ಊರೇ ಕುಲವನ್ನು ಶಂಕಿಸುವಾಗ ತನ್ನ ಮಗನಿಗೆ ತಂದುಕೊಳ್ಳುವೆನೆಂದು ಹೇಳುವುದು ಸಣ್ಣ ಮಾತಲ್ಲ. ಈ ಇಡೀ ವೃತ್ತಾಂತದಲ್ಲಿ ನನಗೆ ಅತ್ಯಂತ ಹಿರಿದಾಗಿ ಕಾಣುವುದು ಇದೇ. ತಂದೆಯು ಒಪ್ಪಲಿಲ್ಲ. ಪರರಿಗಿಂತ ಸೋದರನ ಮಗನೇ ಮೇಲೆಂದು ಯೋಸೇಫನಿಗೆ ಬರೆದು, ಅವನ ಮಗ ಸುರೂರನಿಗೆ ಅವಳನ್ನು ಕೊಡಲು ನಿಶ್ಚಯಿಸಿದನು. ಊರು ಕಳೆದುಕೊಂಡವನು ರಕ್ತಸಂಬಂಧವನ್ನು ಹಿಡಿದುಕೊಳ್ಳಲು ಹಂಬಲಿಸಿದುದು ನನಗೆ ಅರ್ಥವಾಗುತ್ತದೆ. ಆದರೆ ಮೂರು ವರುಷ ಅನ್ನವಿಟ್ಟವರನ್ನು ಪರರೆಂದುದನ್ನು ನಾನು ಮೆಚ್ಚಲಾರೆ. ಮಗಳನ್ನು ಕೇಳಿ ನೋಡಿದೆನೆಂಬ ಮಾತು ಆ ಪತ್ರದಲ್ಲಿ ಇಲ್ಲ.

ಸುರೂರನೂ ಅವನ ತಮ್ಮ ಮೋಶೆಯೂ ಸಿಸಿಲಿಯಿಂದ ಈಜಿಪ್ಟಿಗೆ ಹೊರಟರು. ಸಮುದ್ರವು ಕ್ಷೇಮವಾಗಿರಲಿಲ್ಲ, ಮೋಶೆಯು ಸೆರೆಸಿಕ್ಕಿ ತೂರ್ ಪಟ್ಟಣಕ್ಕೆ ಒಯ್ಯಲ್ಪಟ್ಟು ಆಮೇಲೆ ಬಿಡುಗಡೆ ಹೊಂದಿದನು. 1156ರಲ್ಲಿ ಹಳೆಯ ಕೈರೋ ಆದ ಫುಸ್ತಾತ್ ನಗರದಲ್ಲಿ ಸಿತ್ತ್ ಅಲ್-ದಾರಳಿಗೂ ಸುರೂರನಿಗೂ ಮದುವೆಯಾಯಿತು.

ಇಷ್ಟು ಹಳೆಯ ಸಂಗತಿ ಉಳಿದು ಬಂದುದು ಹೇಗೆಂದು ಕೇಳುವಿರಿ. ದೇವರ ನಾಮವಿರುವ ಬರಹವನ್ನು ಹಾಳು ಮಾಡಬಾರದೆಂಬ ಭಯದಿಂದ ಯೆಹೂದ್ಯರು ಹಳೆಯ ಕಾಗದಗಳನ್ನು ಗೆನೀಜಾ ಎಂಬ ಉಗ್ರಾಣದಲ್ಲಿ ಹಾಕಿಡುವ ರೂಢಿಯುಂಟು. ಫುಸ್ತಾತಿನ ಬೆನ್ ಎಜ್ರಾ ಸಭಾಮಂದಿರದ ಗೆನೀಜಾದಲ್ಲಿ ಜಮಾಖರ್ಚಿನ ಚೀಟಿಗಳೂ ಶತಮಾನಗಳ ಕಾಲ ಬಿದ್ದಿದ್ದುವು. 1896ರಲ್ಲಿ ಸ್ಕಾಟ್ಲೆಂಡಿನ ಅವಳಿ ಸಹೋದರಿಯರಾದ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ವಿಧವೆಯರು ತಾವು ಕೊಂಡುತಂದ ಹರಕು ಹಾಳೆಗಳನ್ನು ಕೇಂಬ್ರಿಜ್ಜಿನ ಪಂಡಿತ ಸೊಲೊಮನ್ ಷೆಕ್ಟರರಿಗೆ ತೋರಿಸಿದರು. ಅವರು ಕೈರೋವಿಗೆ ಹೋಗಿ ಸುಮಾರು 1,93,000 ತುಂಡುಗಳನ್ನು ತಂದರು. (ಈ ಸಹೋದರಿಯರ ಊರಾದ ಕೇಂಬ್ರಿಜ್ಜಿನ ವಿಶ್ವವಿದ್ಯಾಲಯವು ಸ್ತ್ರೀಯರಿಗೆ ಪದವಿಯನ್ನು ಕೊಡಲಾರಂಭಿಸಿದುದು 1948ರಲ್ಲಿ.) ಆ ಬಳಿಕ ಗೊಯಿಟೈನ್ ಎಂಬ ವಿದ್ವಾಂಸರು, ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬೀ ಭಾಷೆಯ ಆ ಪತ್ರಗಳಿಂದ ಭಾರತದ ವ್ಯಾಪಾರದ ಕಥೆಯನ್ನು ಬಿಡಿಸಿದರು. ಅಮಿತಾವ ಘೋಷರು ಬೊಮ್ಮನನ್ನು ಅರಸಿ ಮಂಗಳೂರಿಗೇ ಬಂದು, ತುಳು ವಿದ್ವಾಂಸರಾದ ವಿವೇಕ ರೈಯವರ ನೆರವಿನಿಂದ ಆ ಹೆಸರನ್ನು ಗುರುತಿಸಿ, 1992ರಲ್ಲಿ ಗ್ರಂಥವನ್ನು ಪ್ರಕಟಿಸಿದರು.

ತಂದೆಯ ಪತ್ರಗಳಿವೆ, ತಂದೆಯ ಸ್ನೇಹಿತರ ಪತ್ರಗಳಿವೆ, ಸುರೂರನು ಬರೆದ ಪತ್ರವೂ ಇದೆ. ತಾಯಿಯ ಬಿಡುಗಡೆಯ ಪತ್ರವು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಸಂಗ್ರಹಕ್ಕೆ ಸೇರಿದೆ. ಸಿತ್ತ್ ಅಲ್-ದಾರಳದೆಂದು ನಮಗೆ ದೊರಕಿರುವುದು ಮದುವೆಯಲ್ಲಿ ಅವಳೊಡನೆ ಕೊಟ್ಟ ವಸ್ತುಗಳ ಪಟ್ಟಿ. ಅದನ್ನೂ ಬರೆದವರು ಬೇರೆಯವರು.